ಮುಚ್ಚಳದ ನೀಲಿ

"ಮುಟ್ಟಬೇಡಿ ಅದನ್ನ!"

ಲ್ಯಾಬಿನ ಮೇಡಂ ಕೂಗಿದ ರಭಸಕ್ಕೆ ಇನ್‌ಸ್ಪೆಕ್ಟರ್ ಜಿಗಣೆಯ ಕೈ ಗಾಳಿಯಲ್ಲೇ ನಿಂತಿತು. ಅವನು ಮುಟ್ಟಹೊರಟದ್ದು ಮಖಮಲ್ಲಿನ ಡಬ್ಬಿಯೊಳಗಿದ್ದ ಒಂದು ಬಿಳಿ ಬಿಲ್ಲೆಯನ್ನು. ನೋಡುವುದಕ್ಕೆ ಬಚ್ಚಲುಮನೆಯ ಗೋಡೆಯಿಂದ ಕಿತ್ತ ಟೈಲ್ಸಿನ ತುಂಡಿನ ಹಾಗಿತ್ತು, ಅಷ್ಟೆ.

"ಒಂದು ಟೈಲ್ಸಿಗೆ ಇಷ್ಟೊಂದು ಮರ್ಯಾದೆನಾ?"

"ಬಿಳಿ ಅಂದ್ರೆ ಏನು ಅಂತ ಈ ಯಂತ್ರಕ್ಕೆ ದಿನಾ ಬೆಳಿಗ್ಗೆ ಹೇಳಿಕೊಡೋದು ಅದು. ನಿಮ್ಮ ಕೈಯ ಜಿಡ್ಡು ಹತ್ತಿದ್ರೆ ಆಮೇಲೆ ಅಳೆದಿದ್ದೆಲ್ಲ ಸುಳ್ಳು. ಏನೂ ಮಾಡದೇ ಇರೋದರ ಮೇಲೆಲ್ಲ ಕೈ ಹಾಕೋ ಅಭ್ಯಾಸ ನಿಮಗೆ ಇನ್ನೂ ಹೋಗಿಲ್ಲ ಅಲ್ವಾ, ಇನ್‌ಸ್ಪೆಕ್ಟರೇ?"

ಮಾತು ಬಿದ್ದದ್ದು ಎಲ್ಲಿಗೆ ಎಂದು ಅವನಿಗೆ ಗೊತ್ತಿತ್ತು. ಠಾಣೆಯಲ್ಲೂ ಊರಲ್ಲೂ ಅವನಿಗೆ ಜಿಗಣೆ ಎಂದೇ ಹೆಸರು; ಕಚ್ಚಿದರೆ ಬಿಡುವ ಆಸಾಮಿಯಲ್ಲ. ಹಾಗೆ ಒಮ್ಮೆ ಕಚ್ಚಿದ್ದು ಈ ಮೇಡಮ್ಮಿನ ತಮ್ಮನನ್ನು. ಮಾಡದ ಕಳ್ಳತನಕ್ಕೆ ಜೈಲಿನಲ್ಲಿ ಕೊಳೆತು, ಕೊನೆಗೆ ನಿರಪರಾಧಿ ಎಂದು ಹೊರಗೆ ಬಂದ ಆ ಹುಡುಗ ಇವತ್ತಿಗೂ ಮನೆಯ ಬಾಗಿಲು ದಾಟಿ ಬೀದಿಗೆ ಬರುವುದಿಲ್ಲ.

ಇಂಥವಳ ಎದುರು ಬಂದು ನಿಲ್ಲಬೇಕಾಗಿ ಬಂದದ್ದು ಜಿಗಣೆಯ ಗ್ರಹಚಾರ. ನಿವೃತ್ತ ಗಣಿತದ ಮೇಷ್ಟ್ರೊಬ್ಬರನ್ನು ಭಾನುವಾರ ಮುಂಜಾನೆ ಸೈಕಲ್ಲಿನ ಸಮೇತ ಗುದ್ದಿ ಕೊಂದು ಓಡಿಹೋದದ್ದು ಒಂದು ನೀಲಿ ವ್ಯಾನು ಎಂದು, ಸೈಕಲ್ಲಿಗೆ ಹತ್ತಿದ್ದ ಬಣ್ಣ ಅಳೆದು ಬರೆದುಕೊಟ್ಟವಳು ಇವಳೇ. ಅದರ ಮೇಲೆ ವ್ಯಾನಿನ ಡ್ರೈವರು ಲಾಕಪ್ಪಿನಲ್ಲಿದ್ದ. ಇವತ್ತು ಸಂಜೆ ಅವನನ್ನು ಕೋರ್ಟಿಗೆ ಒಪ್ಪಿಸಿಬಿಟ್ಟರೆ ಮುಗಿಯಿತು, ಮತ್ತೆ ಅವನ ಮುಖ ಮನೆಯವರು ನೋಡುವುದು ಯಾವ ಕಾಲಕ್ಕೋ.

"ವರದಿ ಕೊಟ್ಟಾಯ್ತಲ್ಲ. ಮತ್ತೇನು ಬೇಕು?" ಮೇಡಂ ಡಬ್ಬಿಯ ಮುಚ್ಚಳ ಹಾಕಿದಳು.

"ಇನ್ನೊಂದು ಸಲ ಅಳೀಬೇಕು."

"ಯಾಕೆ?"

"ವ್ಯಾನಿನ ಮುಂದೆ ಬಂಪರು ಇದೆ. ಕಪ್ಪು ರಬ್ಬರಿನದ್ದು. ನೀಲಿ ಶುರುವಾಗೋದು ನನ್ನ ಸೊಂಟದ ಮಟ್ಟದಿಂದ ಮೇಲೆ. ಮೇಷ್ಟ್ರ ಸೈಕಲ್ಲಿಗೆ ನೀಲಿ ಹತ್ತಿರೋದು ಹಿಂದಿನ ಮಡ್‌ಗಾರ್ಡಿಗೆ, ನನ್ನ ಮೊಣಕಾಲಿನ ಹತ್ತಿರ. ವ್ಯಾನೇನು ಬಗ್ಗಿ ಗುದ್ದಿತಾ?"

"ಅದು ನಿಮ್ಮ ತಲೆನೋವು. ಬಣ್ಣ ಒಂದೇ. ಎತ್ತರ ಅಳೆಯೋದು ನನ್ನ ಕೆಲಸ ಅಲ್ಲ."

"ಹಾಗಾದ್ರೆ ನಿಮ್ಮ ಯಂತ್ರ ತಪ್ಪು ಹೇಳಿದೆ."

ಅಬ್ಬಾ, ಅದೊಂದು ಮಾತು ಆಡಬಾರದಿತ್ತು! ಮೇಡಮ್ಮಿನ ಮೂಗಿನ ಹೊಳ್ಳೆಗಳು ಅರಳಿದವು. ಅವಳ ಗಂಡನನ್ನು ಬೈದಿದ್ದರೂ ಅಷ್ಟು ಸಿಟ್ಟು ಬರುತ್ತಿತ್ತೋ ಇಲ್ಲವೋ.

"ತಪ್ಪು ಹೇಳಿದೆಯಾ? ಕೂತ್ಕೊಳ್ಳಿ. ಅಳೆದೇ ತೋರಿಸ್ತೀನಿ. ಆಮೇಲೆ ಬಂದ ದಾರೀಲಿ ನೆಟ್ಟಗೆ ಹೊರಟುಹೋಗಬೇಕು."

ಜಿಗಣೆ ಸ್ಟೂಲಿನ ಮೇಲೆ ಕೂತ. ಬಣ್ಣದ ಕಾರ್ಖಾನೆಯ ಲ್ಯಾಬು ಅದು. ಗೋಡೆಗಳಿಗೆಲ್ಲ ಒಂದೇ ಬೂದಿ ಬಣ್ಣ ಬಳಿದಿದ್ದರು. ಮೇಡಂ ಹಾಕಿಕೊಂಡಿದ್ದ ಕೋಟೂ ಬೂದಿಯೇ. ಸುತ್ತ ಬೇರೆ ಬಣ್ಣವಿದ್ದರೆ ಕಣ್ಣು ಮೋಸಹೋಗುತ್ತದಂತೆ. ಗಾಜಿನ ಬಾಗಿಲಿನ ಆಚೆ ಮಾತ್ರ ಒಂದು ಬಣ್ಣವಿತ್ತು: ಮಾಸಿದ ಕೇಸರಿ ಸೀರೆಯುಟ್ಟು ಬೆಂಚಿನ ಮೇಲೆ ಕೂತಿದ್ದ ಹೆಂಗಸು.

ಅವಳು ಡ್ರೈವರನ ಅಕ್ಕ. ತಮ್ಮನನ್ನು ಹಿಡಿದ ದಿನದಿಂದ ಠಾಣೆಯ ಗೇಟು ಬಿಟ್ಟು ಅಲ್ಲಾಡಿರಲಿಲ್ಲ. ಜಿಗಣೆ ಈ ದಿನ ಎಲ್ಲಿಗೆ ಹೋಗುತ್ತೇನೆಂದು ಠಾಣೆಯಲ್ಲೂ ಹೇಳದೆ, ಮನೆಯಲ್ಲೂ ಹೇಳದೆ ಹೊರಟಿದ್ದ. ಮನೆಯ ಕಾರು ವಾರದಿಂದ ಗ್ಯಾರೇಜಿನಲ್ಲಿ ಬಿದ್ದಿತ್ತು. ಕ್ಲಚ್ಚು ಹೋಗಿದೆ ಎಂದು ಹೆಂಡತಿ ಹೇಳಿದ್ದಳು. ಹಾಗಾಗಿ ಬಸ್ಸು ಹತ್ತಿದ. ಹಿಂದೆ ತಿರುಗಿ ನೋಡಿದರೆ ಕೊನೆಯ ಸೀಟಿನಲ್ಲಿ ಈ ಮಹಾತಾಯಿ! ದಾರಿಯುದ್ದಕ್ಕೂ ಅವನ ಬೆನ್ನಿಗೆ ಕೇಳುವ ಹಾಗೆ ಶಾಪ ಹಾಕುತ್ತಲೇ ಬಂದಿದ್ದಳು.

ಮೇಡಂ ಬೀರುವಿನಿಂದ ಪೊಟ್ಟಣ ತಂದಳು. ಪಾರದರ್ಶಕ ಪ್ಲಾಸ್ಟಿಕ್ ಕವರು, ಬಾಯಿಗೆ ಅರಗಿನ ಮುದ್ರೆ. ಒಳಗೆ ಮಡ್‌ಗಾರ್ಡಿನಿಂದ ಕತ್ತರಿಸಿದ ತಗಡಿನ ತುಂಡು, ಅದರ ಮೇಲೆ ಹೆಬ್ಬೆರಳ ಉಗುರಿನಷ್ಟು ನೀಲಿ. ಅವಳು ಅದನ್ನು ಯಂತ್ರದ ಕಿಂಡಿಗೆ ಒತ್ತಿ ಹಿಡಿದಳು. ಯಂತ್ರದ ಹೆಸರು ಸ್ಪೆಕ್ಟ್ರೋಫೋಟೋಮೀಟರು. ಲ್ಯಾಬಿನವರೆಲ್ಲ ಸ್ಪೆಕ್ಟ್ರೋ ಎಂದು ಕರೆಯುತ್ತಿದ್ದರು. ಒಳಗೆ ಬೆಳಕು ಫಕ್ಕನೆ ಹೊಳೆದು ಆರಿತು. ಪರದೆಯ ಮೇಲೆ ಮೂರು ಅಂಕಿಗಳು ಬಂದವು.

"ಮೊದಲನೇದು ಎಷ್ಟು ತಿಳಿ, ಎಷ್ಟು ಗಾಢ ಅಂತ. ಎರಡನೇದು ಕೆಂಪಿನ ಕಡೆಗಾ, ಹಸಿರಿನ ಕಡೆಗಾ ಅಂತ. ಮೂರನೇದು ಹಳದಿ ಕಡೆಗಾ, ನೀಲಿ ಕಡೆಗಾ ಅಂತ. ಮೂರು ಅಂಕಿ ಕೊಟ್ಟರೆ ಸಾಕು, ಪ್ರಪಂಚದ ಯಾವ ಮೂಲೆಯಲ್ಲಿ ಕೂತವನೂ ಈ ನೀಲೀನ ಮಾಡಬಹುದು. ಅರ್ಥವಾಯ್ತಾ? ಅಥವಾ ಲಾಠಿ ತಗೊಂಡು ಹೇಳಬೇಕಾ?"

"ಲಾಠಿ ನಾನು ತಂದಿಲ್ಲ. ಮುಂದೆ ಹೇಳಿ."

"ಇದು ಅವತ್ತು ಅಳೆದಿಟ್ಟ ವ್ಯಾನಿಂದು." ಇನ್ನೊಂದು ಸಾಲು ಅಂಕಿಗಳು. "ಎರಡಕ್ಕೂ ಇರೋ ವ್ಯತ್ಯಾಸ ಅರ್ಧ. ಒಂದಕ್ಕಿಂತ ಕಡಿಮೆ ಇದ್ರೆ ಯಾವ ಕಣ್ಣಿಗೂ ಬೇರೆ ಅಂತ ಕಾಣಲ್ಲ. ಹೊರಡಿ ಇನ್ನು."

ಜಿಗಣೆ ಹೊರಡಲಿಲ್ಲ. ಅವನ ಕಣ್ಣು ಪೊಟ್ಟಣದ ಮೇಲೆ ನೆಟ್ಟಿತ್ತು.

"ಕವರಿನ ಸಮೇತ ಅಳೆದ್ರಾ?"

"ಮತ್ತೆ? ಮುದ್ರೆ ಒಡೆದರೆ ಸಾಕ್ಷಿ ಬಿದ್ದುಹೋಗುತ್ತೆ, ಮುಟ್ಟಲೇಬಾರದು ಅಂತ ತಲೆ ಮೇಲೆ ಕೂತು ಹೇಳಿದ್ದು ನಿಮ್ಮ ಸಬ್‌ಇನ್‌ಸ್ಪೆಕ್ಟರೇ. ಆದ್ರೆ ನಾನೇನು ಮೊದ್ದಲ್ಲ. ಒಂದನ್ನ ಕವರಿನೊಳಗೆ ಅಳೆದು ಇನ್ನೊಂದನ್ನ ಬಯಲಲ್ಲಿ ಅಳೆದರೆ ಅನ್ಯಾಯ. ಅದಕ್ಕೇ ಇಂಥದ್ದೇ ಒಂದು ಖಾಲಿ ಕವರು ಕೊಡಿ ಅಂದೆ, ಕೊಟ್ಟರು. ಗಾಡಿಗಳ ಮೇಲೆ ಅದನ್ನ ಹಾಸಿ, ಅದರ ಮೂಲಕವೇ ಅಳೆದೆ."

ಸಬ್‌ಇನ್‌ಸ್ಪೆಕ್ಟರು ಎಂದರೆ ಜಿಗಣೆಯ ಭಾಮೈದ. ಹೆಂಡತಿಯ ಒಬ್ಬನೇ ತಮ್ಮ. ಮನೆಯಲ್ಲಿ ಭಾವ ಎನ್ನುವನು, ಠಾಣೆಯಲ್ಲಿ ಸಾರ್ ಎನ್ನುವನು. ಒಮ್ಮೊಮ್ಮೆ ಅದಲುಬದಲಾಗಿ ಪೇದೆಗಳ ಮುಂದೆ ಭಾವ ಎಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುವನು. ಅವನು ಹಾಕಿದ ಗೆರೆಯನ್ನು ಅಕ್ಕ ದಾಟುವವಳಲ್ಲ.

"ಗಾಡಿಗಳು ಅಂದ್ರಿ. ಎಷ್ಟು ಗಾಡಿ?"

"ಸ್ಟ್ಯಾಂಡಿನಲ್ಲಿದ್ದ ನೀಲಿ ಗಾಡಿಗಳನ್ನೆಲ್ಲ ಅಳೆಸಿದ್ರು. ಇದು ಹೊಂದಲ್ಲ ಅಂದ್ರೆ ಇನ್ನೊಂದು ನೋಡಿ, ಇನ್ನೊಂದು ನೋಡಿ ಅಂತ. ವ್ಯಾನು ಹೊಂದಿದ ತಕ್ಷಣ ಸಾಕು ಅಂದುಬಿಟ್ರು."

ಜಿಗಣೆಗೆ ಅದು ಹಿಡಿಸಲಿಲ್ಲ. ಕಳ್ಳನನ್ನು ಹುಡುಕುವವನು ಹಾಗೆ ಹುಡುಕುವುದಿಲ್ಲ. ಅಂಗಿಗೆ ತಕ್ಕ ಆಳನ್ನು ಹುಡುಕುವವನು ಹಾಗೆ ಹುಡುಕುತ್ತಾನೆ. ಅವನು ಪೊಟ್ಟಣದ ಮೇಲೆ ಬಗ್ಗಿದ. ಅರಗಿನ ಕೆಳಗೆ ಕವರಿನ ಮೂಲೆಯನ್ನು ನಾಲ್ಕಾರು ಪದರ ಮಡಿಚಿದ್ದರು.

"ಮೇಡಂ, ಈ ಮಡಿಕೆ ಯಾವ ಬಣ್ಣ ಕಾಣುತ್ತೆ ನಿಮಗೆ?"

"ಪ್ಲಾಸ್ಟಿಕ್ಕಿಗೆ ಬಣ್ಣ ಇಲ್ಲ."

"ಸರಿಯಾಗಿ ನೋಡಿ."

ಅವಳು ಕನ್ನಡಕವನ್ನು ಹಣೆಗೇರಿಸಿ ನೋಡಿದಳು. ಒಂದು ಪದರವಿದ್ದ ಕಡೆ ಏನೂ ಕಾಣದು. ಮಡಿಕೆ ಬಿದ್ದ ಮೂಲೆ ಮಾತ್ರ ಹಳೆಯ ಪೇಪರಿನ ಹಾಗೆ ಹಳದಿ ತಿರುಗಿತ್ತು.

"ಆ ಖಾಲಿ ಕವರು ಇದೆಯಾ?"

ಮೇಡಂ ಡ್ರಾಯರಿನಿಂದ ಅದನ್ನು ತೆಗೆದು, ತಾನೇ ನಾಲ್ಕಾರು ಪದರ ಮಡಿಚಿ ಪಕ್ಕದಲ್ಲಿಟ್ಟಳು. ನೀರಿನಷ್ಟು ತಿಳಿ. ಎಳ್ಳಷ್ಟೂ ಹಳದಿ ಇಲ್ಲ.

ಮೇಡಮ್ಮಿನ ಕತ್ತಿನ ನರ ಎದ್ದು ಕಾಣುತ್ತಿತ್ತು. ಅವಳಿಗೆ ಜಿಗಣೆಯ ಮೇಲಿದ್ದ ಸಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಆದರೆ ಈಗ ಅದರ ಪಕ್ಕದಲ್ಲಿ ಇನ್ನೊಂದು ಬಂದು ಕೂತಿತ್ತು.

"ಒಂದು ಬಿಸಿಲಲ್ಲಿ ಬಿದ್ದಿದ್ದು, ಇನ್ನೊಂದು ಹೊಸದು," ಎಂದಳು. "ಹಳದಿ ಕವರಿನೊಳಗಿಂದ ನೋಡಿದ್ರೆ ನೀಲಿ ಹಸಿರಿನ ಕಡೆ ವಾಲುತ್ತೆ. ವ್ಯಾನು ಇರೋದೇ ಹಸಿರು ನೀಲಿ. ನನ್ನ ಕೈಯಲ್ಲೇ ನನಗೆ ಟೋಪಿ ಹಾಕಿಸಿದಾನಲ್ಲ ಆ ಬಡ್ಡಿಮಗ!"

"ಗೊತ್ತಿದ್ದೂ ನೀವೇ ಮಾಡಿದ್ದಲ್ಲ ಅಂತ ನಾನು ಹೇಗೆ ನಂಬಲಿ?" ಜಿಗಣೆ ಸುಮ್ಮನೆ ಬಿಡಲಿಲ್ಲ. "ನನ್ನ ಮುಖಕ್ಕೆ ಮಸಿ ಬಳಿಯೋಕೆ ನಿಮಗಿಂತ ಕಾಯ್ತಾ ಇರೋರು ಈ ಊರಲ್ಲಿ ಯಾರಿದಾರೆ?"

"ರೀ!" ಮೇಡಂ ಮೇಜಿನ ಮೇಲೆ ಅಂಗೈ ಬಡಿದಳು. "ನಿಮ್ಮ ಮುಖಕ್ಕೆ ಮಸಿ ಬಳಿಯೋಕೆ ನಾನು ಇನ್ನೊಬ್ಬಳ ತಮ್ಮನ್ನ ಜೈಲಿಗೆ ಕಳಿಸ್ತೀನಾ? ಅಲ್ಲಿ ಕೂತಿದಾಳಲ್ಲ, ಅವಳು ಹೇಗೆ ಕೂತಿದಾಳೆ ಅಂತ ನಿಮಗೇನು ಗೊತ್ತು? ನಾನು ಕೂತಿದ್ದೀನಿ ಹಾಗೆ. ನಿಮ್ಮ ಅದೇ ಗೇಟಿನ ಮುಂದೆ."

ಜಿಗಣೆ ಗಾಜಿನ ಬಾಗಿಲಿನ ಕಡೆ ನೋಡಲು ಹೋಗಿ, ಆಗದೆ, ತನ್ನ ಬೂಟುಗಳನ್ನು ನೋಡಿದ. ಅವನಿಗೆ ನಾಚಿಕೆಯಾಯಿತು. ಆದರೆ ಕ್ಷಮೆ ಕೇಳುವ ಮಾತು ಅವನ ಗಂಟಲಿಗೆ ಒಗ್ಗಿದ್ದಲ್ಲ.

"ಮುದ್ರೆ ಒಡೀರಿ," ಎಂದ. "ತನಿಖೆ ನನ್ನದು. ಜವಾಬ್ದಾರಿ ನನ್ನದು."

"ಆಮೇಲೆ ನಾನು ಹೇಳಲಿಲ್ಲ ಅನ್ನಬಾರದು."

"ಒಡೀರಿ ಅಂದೆ."

ಅರಗು ಚೂರುಚೂರಾಗಿ ಮೇಜಿನ ಮೇಲೆ ಉದುರಿತು. ಮೇಡಂ ಚಿಮಟದಿಂದ ತಗಡನ್ನು ಎತ್ತಿ, ಬರಿಯ ನೀಲಿಯನ್ನೇ ಯಂತ್ರದ ಕಿಂಡಿಗೆ ಹಿಡಿದಳು. ವ್ಯಾನಿನ ಬಾಗಿಲಿನಿಂದ ತಾನು ಮೊದಲೇ ಕೆರೆದು ತಂದಿದ್ದ ತುಣುಕನ್ನೂ ಹಾಗೇ ಬರಿದಾಗಿ ಹಿಡಿದಳು. ಬೆಳಕು ಹೊಳೆದು ಆರಿತು. ವ್ಯತ್ಯಾಸ ಅರ್ಧ ಇದ್ದದ್ದು ಈಗ ನಾಲ್ಕು ದಾಟಿತ್ತು.

"ಇದು ವ್ಯಾನಲ್ಲ," ಎಂದಳು ಮೇಡಂ. "ಹತ್ತಿರ ಕೂಡ ಅಲ್ಲ. ಇದು ಕೆಂಪಿನ ಕಡೆ ವಾಲಿದ ನೀಲಿ."

ಜಿಗಣೆಯ ಎದೆಯ ಮೇಲಿಂದ ಕಲ್ಲು ಇಳಿದ ಹಾಗಾಯಿತು. ಹೊರಗಿದ್ದವಳ ತಮ್ಮ ಸಂಜೆಗೆ ಮನೆ ಸೇರುತ್ತಾನೆ. ಇನ್ನು ಭಾಮೈದನ ಕಿವಿ ಹಿಂಡುವುದೊಂದು ಬಾಕಿ. ಯಾವನೋ ದೊಡ್ಡ ಮನುಷ್ಯನ ಕಾರನ್ನು ಉಳಿಸಲು ಈ ನಾಟಕ ಆಡಿದ್ದಾನೆ, ಬಾಯಿ ಬಿಡಿಸಿದರೆ ಆಯಿತು ಎಂದುಕೊಂಡ.

"ಯಾವ ಗಾಡೀದು ಅಂತ ಹೇಳೋಕಾಗುತ್ತಾ?"

"ಕಂಪನಿಯ ನೀಲಿ ಸಾವಿರ ಕಾರಿಗಿರುತ್ತೆ. ಆದ್ರೆ ಬಿಸಿಲಲ್ಲಿ ನಿಂತೂ ನಿಂತೂ ಒಂದೊಂದೂ ಒಂದೊಂದು ಥರ ಮಾಸುತ್ತೆ. ಅದಕ್ಕೇ ಗೀರು ಬಿದ್ದರೆ ಜನ ಬಣ್ಣದ ಹೆಸರು ಹೇಳಲ್ಲ, ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನೇ ಕಿತ್ತು ತರ್ತಾರೆ. ನಾವು ಅಳೆದು, ಹೊಂದೋ ಹಾಗೆ ಬೆರೆಸಿ ಕೊಡ್ತೀವಿ. ಅಳೆದಿದ್ದೆಲ್ಲ ಇದರ ಹೊಟ್ಟೇಲಿ ಇರುತ್ತೆ. ನೋಡ್ತೀನಿ ಇರಿ."

ಅವಳು ಗುಂಡಿ ಒತ್ತಿದಳು. ಯಂತ್ರ ತನ್ನ ಹೊಟ್ಟೆಯೊಳಗಿನ ನೀಲಿಗಳನ್ನೆಲ್ಲ ತಡಕಾಡಿತು. ಪರದೆಯ ಮೇಲೆ ಒಂದೇ ಒಂದು ಸಾಲು ಬಂದು ನಿಂತಿತು. ವ್ಯತ್ಯಾಸ ಹೆಚ್ಚುಕಡಿಮೆ ಸೊನ್ನೆ.

ಮೇಡಮ್ಮಿನ ಹುಬ್ಬು ಮೇಲೇರಿತು. "ಇದು ಇಲ್ಲೇ ಇದೆ!"

"ಕಾರಾ?"

"ಮುಚ್ಚಳ. ಬಣ್ಣ ಬಳಿದು, ಒಣಗಿ, ಸರಿಯಾಗಿದೆ ಅಂತ ಬಂದು ಹೇಳೋವರೆಗೂ ನಾವು ಮಾದರಿ ವಾಪಸ್ ಕೊಡಲ್ಲ. ಇವರು ಇನ್ನೂ ಬಂದಿಲ್ಲ."

ಮೂಲೆಯ ಕಪಾಟಿನಲ್ಲಿ ಒಂದು ತಟ್ಟೆಯ ತುಂಬ ಹೀಗೆ ಕಾಯುತ್ತಿದ್ದ ಮಾದರಿಗಳಿದ್ದವು: ಫ್ರಿಜ್ಜಿನ ಹಿಡಿಕೆ, ಅರ್ಧ ಹೆಲ್ಮೆಟ್ಟು, ಮಕ್ಕಳ ಸೈಕಲ್ಲಿನ ಗಂಟೆ, ನಾಲ್ಕೈದು ಪೆಟ್ರೋಲ್ ಮುಚ್ಚಳಗಳು. ಮೇಡಂ ಅದರಿಂದ ಒಂದನ್ನು ಆರಿಸಿ ತಂದು ತಗಡಿನ ಪಕ್ಕದಲ್ಲಿಟ್ಟಳು. ಅಂಕಿಯೇ ಬೇಕಿರಲಿಲ್ಲ. ಬರಿಗಣ್ಣಿಗೂ ಎರಡೂ ಒಂದೇ ನೀಲಿ.

ಜಿಗಣೆ ಅದನ್ನು ಎತ್ತಿಕೊಂಡ. ಈ ಸಲ ಮುಟ್ಟಬೇಡಿ ಎಂದು ಮೇಡಂ ಕೂಗಲಿಲ್ಲ. ಸುಮ್ಮನೆ ಹಿಂದುಮುಂದು ತಿರುಗಿಸಿದ.

ಒಳಮೈಯ ಅಂಚಿಗೆ ಗುಲಾಬಿ ಬಣ್ಣದ ರಬ್ಬರಿನ ಪಟ್ಟಿಯೊಂದು ಅಂಟಿತ್ತು. ಅಂಕುಡೊಂಕಾಗಿ ಕತ್ತರಿಸಿದ ಪಟ್ಟಿ. ಅದರ ಮೇಲೆ ಅರ್ಧ ಹೂವು.

ಅವನು ಆ ಹೂವಿನ ಮೇಲೆ ಹೆಬ್ಬೆರಳಾಡಿಸಿದ.

ಮುಚ್ಚಳ ಲಟಲಟ ಎನ್ನುತ್ತಿದೆ ಎಂದು ಹೆಂಡತಿ ರೇಗಿದಾಗ, ಮಗಳ ಕಿತ್ತುಹೋದ ಚಪ್ಪಲಿಯನ್ನು ಅಡುಗೆಮನೆಯ ಕತ್ತರಿಯಲ್ಲಿ ಕತ್ತರಿಸಿ ಅಂಟಿಸಿದವನು ಅವನೇ. ಕತ್ತರಿ ಹಾಳಾಯಿತೆಂದು ಆಮೇಲೆ ಇನ್ನೊಂದು ಸುತ್ತು ಬೈಸಿಕೊಂಡಿದ್ದ. ಊರಿನ ನೀಲಿ ಗಾಡಿಗಳನ್ನೆಲ್ಲ ಎಣಿಸಿದ್ದ ಜಿಗಣೆಗೆ ತನ್ನ ಮನೆಯ ಮುಂದೆ ನಿಲ್ಲುವ ನೀಲಿಯೊಂದು ನೆನಪಿಗೇ ಬಂದಿರಲಿಲ್ಲ.

"ಏನಾಯ್ತು?" ಮೇಡಂ ಅವನ ಮುಖ ನೋಡಿದಳು. ಕಣ್ಣು ಸಣ್ಣದಾಯಿತು. ಬಣ್ಣ ಓದುವವಳಿಗೆ ಮುಖದ ಬಣ್ಣ ಇಳಿಯುವುದು ತಿಳಿಯದೆ ಹೋಗುತ್ತದೆಯೇ? "ಗೊತ್ತಾ ಇದು ಯಾರದ್ದು ಅಂತ?"

"ತಂದೋನು ನಮ್ಮ ಸಬ್‌ಇನ್‌ಸ್ಪೆಕ್ಟರಾ?" ಹೌದು ಎಂದುಬಿಡಲಿ ಎಂದು ಅವನು ಬೇಡಿಕೊಂಡ.

"ಅಲ್ಲ. ಒಬ್ಬರು ಹೆಂಗಸು. ಕಾರಿಗೆ ಗೀರು ಬಿದ್ದಿದೆ, ಮನೆಯವರು ಊರಿನಿಂದ ಬರೋದರೊಳಗೆ ಸರಿಮಾಡಿಸಬೇಕು, ಬೈತಾರೆ ಅಂತ ನಕ್ಕರು. ಒಳ್ಳೆ ಮಾತುಗಾರ್ತಿ. ಬಣ್ಣದ ಡಬ್ಬಿ ಅವತ್ತೇ ತಗೊಂಡು ಹೋದರು."

ಆ ದಿನಗಳಲ್ಲಿ ಜಿಗಣೆ ಬಂದೋಬಸ್ತಿಗೆಂದು ಬೇರೆ ಊರಿಗೆ ಹೋಗಿದ್ದ. ಭಾಮೈದ ಕುಡಿದು ಓಡಿಸಿ ಗುದ್ದಿರಬೇಕು, ಅಕ್ಕ ಮುಚ್ಚಿಹಾಕಿರಬೇಕು ಎಂದು ಅವನ ಮನಸ್ಸು ಓಡಿತು. ದೇವರೇ, ಗುದ್ದಿದ ಮೇಲೆ ಹೆದರಿ ಮಾಡಿದ ಕೆಲಸ. ಹೆಂಗರುಳು. ತಪ್ಪೇ, ಆದರೂ...

"ಅಪಘಾತ ಆದಮೇಲೆ ಎಷ್ಟು ದಿನಕ್ಕೆ ಬಂದಿದ್ದರು?"

ಮೇಡಂ ಪರದೆಯ ಕಡೆ ತಿರುಗಿ, ಮತ್ತೆ ಅವನ ಕಡೆ ತಿರುಗಿದಳು.

"ಆದಮೇಲೆ ಅಲ್ಲ ಇನ್‌ಸ್ಪೆಕ್ಟರೇ. ಶನಿವಾರ ಅಳೆದಿದ್ದೀನಿ ಇದನ್ನ. ಮೇಷ್ಟ್ರು ಸತ್ತಿದ್ದು ಭಾನುವಾರ."

ಶನಿವಾರ ನಸುಕಿನಲ್ಲಿ ಜಿಗಣೆ ಬಂದೋಬಸ್ತಿಗೆ ಹೊರಟಾಗ ಕಾರಿಗೆ ಗೀರೂ ಇರಲಿಲ್ಲ, ಗುದ್ದೂ ಇರಲಿಲ್ಲ. ಗುದ್ದುವ ಮುಂಚೆಯೇ ಯಾರೋ ಬಣ್ಣ ತಯಾರು ಮಾಡಿಟ್ಟುಕೊಂಡಿದ್ದರು.

ಅದೇ ಶನಿವಾರ ಬೆಳಿಗ್ಗೆ ಮೇಷ್ಟ್ರು ಠಾಣೆಗೆ ಬಂದಿದ್ದರು. ನಿಮ್ಮ ಇನ್‌ಸ್ಪೆಕ್ಟರ ಹತ್ತಿರವೇ ಮಾತಾಡಬೇಕು, ಅವರ ಮನೆಯ ವಿಷಯ, ಬೇರೆ ಯಾರಿಗೂ ಹೇಳುವುದಿಲ್ಲ ಎಂದು ಬೆಂಚಿನ ಮೇಲೆ ಕಾದು ಕಾದು ಎದ್ದುಹೋಗಿದ್ದರಂತೆ. ಆಮೇಲೆ ಅದನ್ನು ಹೇಳಿದವನೂ ಭಾಮೈದನೇ. ಮುದುಕನಿಗೆ ಅರಳುಮರಳು ಭಾವ ಎಂದು ನಕ್ಕಿದ್ದ. ಇವನೂ ನಕ್ಕಿದ್ದ.

ಗಾಜಿನ ಬಾಗಿಲು ದಬಾರನೆ ತೆರೆಯಿತು. ಡ್ರೈವರನ ಅಕ್ಕನಿಗೆ ಇನ್ನು ಕೂತಿರಲು ಆಗಲಿಲ್ಲ. ಮೇಜಿನ ಮೇಲೆ ಒಡೆದ ಅರಗು ಬಿದ್ದಿದ್ದು ಅವಳಿಗೆ ಹೊರಗಿನಿಂದಲೇ ಕಂಡಿತ್ತು.

"ಏನು ಗೊತ್ತಾಯ್ತು ನಿಮಗೆ? ನನ್ನ ತಮ್ಮ ಅಲ್ಲ ಅಂತ ಗೊತ್ತಾಯ್ತು ತಾನೇ? ಹೇಳಿ ಸ್ವಾಮಿ! ಬಾಯಲ್ಲೇನು ಕಡುಬು ಇಟ್ಕೊಂಡಿದೀರಾ?"

"ನಾನೂ ಅದನ್ನೇ ಕೇಳ್ತಾ ಇದೀನಿ," ಎಂದಳು ಮೇಡಂ. ಅವಳು ಹೊಸ ಹಾಳೆಯೊಂದನ್ನು ಎದುರಿಗೆ ಎಳೆದುಕೊಂಡಿದ್ದಳು. "ವರದಿ ಮತ್ತೆ ಬರೀಬೇಕು. ವ್ಯಾನಲ್ಲ ಅಂತ ಬರೀತೀನಿ. ಯಾವುದು ಅಂತ ಬರೀಲಿ, ಇನ್‌ಸ್ಪೆಕ್ಟರೇ?"

ಇಬ್ಬರು ಅಕ್ಕಂದಿರು ಅವನನ್ನೇ ನೋಡುತ್ತಿದ್ದರು. ಮುಚ್ಚಳ ಅವನ ಅಂಗೈಯಲ್ಲಿ ಬೆವರುತ್ತಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಎದ್ದು ನಡೆದುಬಿಡಬಹುದಿತ್ತು. ತಡೆಯುವ ಧೈರ್ಯ ಯಾರಿಗಿದೆ? ಸಂಜೆ ಕೋರ್ಟು, ಡ್ರೈವರು ಒಳಗೆ, ಮನೆ ಮೊದಲಿದ್ದ ಹಾಗೇ ಮನೆ. ಆ ಯೋಚನೆ ಬಂದದ್ದಕ್ಕೇ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು.

"ನಿಮ್ಮ ತಮ್ಮ ಅಲ್ಲಮ್ಮ," ಎಂದ. ಮುಚ್ಚಳವನ್ನು ಮೇಜಿನ ಮೇಲೆ, ತಗಡಿನ ಪಕ್ಕದಲ್ಲೇ ಇಟ್ಟ. "ಬರ್ಕೊಳ್ಳಿ ಮೇಡಂ. ಇದು..."

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಬಂದದ್ದು ಮನೆ ಎಂಬ ಹೆಸರು.

ಅವನು ಫೋನನ್ನು ಕಿವಿಗೆ ಹಿಡಿದ. ಹೆಂಡತಿಯ ದನಿ ಎಂದಿನ ಹಾಗೆ ಹಗುರವಾಗಿತ್ತು.

"ರೀ, ಕಾರು ಬಂತು. ಎಷ್ಟು ಚೆನ್ನಾಗಿ ಮಾಡಿದಾರೆ ಗೊತ್ತಾ, ಎಲ್ಲಿ ಏನಾಗಿತ್ತು ಅಂತಲೇ ಕಾಣಲ್ಲ. ಪೆಟ್ರೋಲ್ ಮುಚ್ಚಳ ಒಂದು ಹಾಕಿಬಿಟ್ರೆ ಆಯ್ತು. ನೀವು ಹೇಗೂ ಆ ಲ್ಯಾಬಲ್ಲೇ ಇದೀರಲ್ಲ, ಬರ್ತಾ ತಗೊಂಡು ಬಂದ್ಬಿಡಿ. ಬೇಗ ಬನ್ನಿ. ನನ್ನ ತಮ್ಮನೂ ಇಲ್ಲೇ ಇದಾನೆ. ಮಗಳನ್ನ ಸ್ಕೂಲು ಬಿಡೋಕೆ ಮುಂಚೆನೇ ಕರ್ಕೊಂಡು ಬಂದಿದಾನೆ."